ಗಾಡಿ ಭಯವಿಲ್ಲದ ದಾರಿ: ದಕ್ಷಿಣ ಬರ್ಗಂಡಿಯಲ್ಲಿ ಐದು ದಿನದ ಸೈಕಲ್ ಪ್ರವಾಸ, ಮೊದಲಿಂದ ಕೊನೆವರೆಗೆ

ನನ್ನ ಅಕ್ಕ ಸೈಕಲ್ ಬಿಟ್ಟು ಮೂವತ್ತೈದು ವರ್ಷ ಆಗಿತ್ತು. ಕಾಲೇಜಿಗೆ ಹೋಗುವಾಗ ಒಂದು ಲಾರಿ ಮೈಗೆ ಒರೆಸಿಕೊಂಡೇ ಹೋಯಿತೇನೋ ಅನ್ನುವಷ್ಟು ಹತ್ತಿರದಲ್ಲಿ ಹಾದುಹೋಗಿತ್ತು. ಅವತ್ತು ಸೈಕಲ್ ತಳ್ಳಿಕೊಂಡು ಮನೆಗೆ ಬಂದವಳು ಮತ್ತೆ ಹತ್ತಲಿಲ್ಲ. ಅದೇ ಅಕ್ಕ 55ನೇ ವಯಸ್ಸಿನಲ್ಲಿ ನನ್ನ ಜೊತೆ ಫ್ರಾನ್ಸ್‌ಗೆ ಬಂದು ಐದು ದಿನದಲ್ಲಿ ಸುಮಾರು 150 ಕಿ.ಮೀ. ತುಳಿದಳು. ಆ ದಾರಿಯ ಬಹುಪಾಲಿನಲ್ಲಿ ಲಾರಿ ಇಲ್ಲ, ಬಸ್ಸಿಲ್ಲ, ಕಾರಿಲ್ಲ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ.

ಹಾಗಾಗಿ ಇದನ್ನು ಸೈಕಲ್ ಶೂರರಿಗೆ ಬರೆಯುತ್ತಿಲ್ಲ. ದಿನಕ್ಕೆ 25ರಿಂದ 35 ಕಿ.ಮೀ. ಸಾಕು ಅನ್ನುವವರಿಗೆ, ರಸ್ತೆ ಭಯಕ್ಕೆ ಸೈಕಲ್ ಬಿಟ್ಟವರಿಗೆ, ಮಕ್ಕಳನ್ನೋ ಅಪ್ಪ ಅಮ್ಮನನ್ನೋ ಕರೆದುಕೊಂಡು ಹೋಗುವವರಿಗೆ ಬರೆಯುತ್ತಿದ್ದೇನೆ.

ದಾರಿ ಯಾವುದು

ಫ್ರಾನ್ಸ್‌ನಲ್ಲಿ ಮೋಟಾರು ವಾಹನ ಬಿಡದ ಹಾದಿಗೆ ‘ವಾ ವೆರ್ತ್’ ಅಂತಾರೆ, ಹಸಿರು ದಾರಿ ಅಂತ ಅರ್ಥ. ಮುಚ್ಚಿಹೋದ ರೈಲು ಮಾರ್ಗದ ಹಳಿ ಕಿತ್ತು ಹಾದಿ ಮಾಡಿದ್ದು ಕೆಲವು, ನದಿ ಕಾಲುವೆಗಳ ಪಕ್ಕದ ಹಳೇ ದಂಡೆ ದಾರಿಗಳು ಕೆಲವು. ದಕ್ಷಿಣ ಬರ್ಗಂಡಿಯಲ್ಲಿ ಜಿವ್ರಿ ಅನ್ನುವ ಊರಿಂದ ಕ್ಲೂನಿವರೆಗೆ 44 ಕಿ.ಮೀ. ಹಾದಿ 1997ರಲ್ಲಿ ಶುರುವಾಯಿತು. ಫ್ರಾನ್ಸ್‌ನ ಮೊದಲ ವಾ ವೆರ್ತ್ ಅದೇ. ಈಗ ಅದು ಉತ್ತರಕ್ಕೆ ಶಲೋಂ-ಸುರ್-ಸೋನ್ ಪಟ್ಟಣಕ್ಕೂ ದಕ್ಷಿಣಕ್ಕೆ ಮಾಕೋಂ ಪಟ್ಟಣಕ್ಕೂ ಮುಟ್ಟುತ್ತದೆ.

ಈ ಎರಡೂ ಪಟ್ಟಣ ಸೋನ್ ನದಿಯ ದಡದಲ್ಲಿವೆ. ನದಿಯ ಪಕ್ಕದಲ್ಲಿ ಇನ್ನೊಂದು ದಾರಿ ಇದೆ, ‘ವಾ ಬ್ಲೂ’, ನೀಲಿ ದಾರಿ. ಅದು ಲಕ್ಸೆಂಬರ್ಗ್ ಗಡಿಯಿಂದ ಲಿಯೋಂವರೆಗೆ ಸುಮಾರು 700 ಕಿ.ಮೀ. ಇದೆ. ನಮಗೆ ಬೇಕಾದದ್ದು ಅದರಲ್ಲಿ ಮಾಕೋಂನಿಂದ ಶಲೋಂವರೆಗಿನ ತುಂಡು ಮಾತ್ರ. ಹೋಗುವಾಗ ದ್ರಾಕ್ಷಿ ತೋಟ, ಬರುವಾಗ ನದಿ. ಹೊರಟ ಜಾಗಕ್ಕೇ ವಾಪಸ್ ಬರುವುದರಿಂದ ಬಾಡಿಗೆ ಸೈಕಲ್ ಎಲ್ಲಿ ತಗೊಂಡಿರೋ ಅಲ್ಲೇ ಕೊಡಬಹುದು. ಇದು ಕೇಳೋಕೆ ಚಿಕ್ಕ ವಿಷಯ, ಆದರೆ ದುಡ್ಡೂ ತಲೆನೋವೂ ಎರಡೂ ಉಳಿಯುತ್ತದೆ.

ಲುವಾರ್ ನದಿಯ ಸೈಕಲ್ ದಾರಿಗೆ ಜಾಸ್ತಿ ಹೆಸರಿದೆ, ಅರಮನೆಗಳೂ ಜಾಸ್ತಿ. ಆದರೆ ಅಲ್ಲಿ ಅಲ್ಲಲ್ಲಿ ಕಾರು ಓಡಾಡುವ ಹಳ್ಳಿ ರಸ್ತೆಯಲ್ಲೂ ಹೋಗಬೇಕು. ಮೊದಲ ಸಲಕ್ಕೆ ನಾನು ಬರ್ಗಂಡಿಯನ್ನೇ ಹೇಳುತ್ತೇನೆ.

ಯಾವಾಗ ಹೋಗಬೇಕು

ಮೇ ಕೊನೆ, ಜೂನ್, ಇಲ್ಲವೇ ಸೆಪ್ಟೆಂಬರ್. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ, ಅವಸರವೇ ಇಲ್ಲ. ಸೆಪ್ಟೆಂಬರ್‌ನಲ್ಲಿ ದ್ರಾಕ್ಷಿ ಕೊಯ್ಲು ನೋಡಬಹುದು, ಆದರೆ ರೂಮು ಮುಂಚೆಯೇ ಹಿಡಿಯಬೇಕು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಸುಡುತ್ತದೆ, ನದಿ ದಂಡೆಯಲ್ಲಿ ನೆರಳೂ ಕಡಿಮೆ.

ಚಳಿಗಾಲ ಬೇಡ. ಎರಡು ಕಾರಣ. ಸೋನ್ ನದಿ ತುಂಬಿ ದಂಡೆ ದಾರಿ ಮುಳುಗುವುದುಂಟು. ಇನ್ನೊಂದು, ಕ್ಲೂನಿ ಆಚೆ ಒಂದು ಹಳೇ ರೈಲು ಸುರಂಗ ಇದೆ. ಚಳಿಗಾಲದಲ್ಲಿ ಬಾವಲಿಗಳು ಅಲ್ಲಿ ಮಲಗುತ್ತವೆ ಅಂತ ಅದನ್ನು ಮುಚ್ಚಿಬಿಡುತ್ತಾರೆ. ಆಗ ಗುಡ್ಡ ಹತ್ತಿ ಇಳಿಯಬೇಕು.

ವೀಸಾ, ವಿಮಾನ, ರೈಲು

ಷೆಂಗೆನ್ ಅಲ್ಪಾವಧಿ ವೀಸಾ ಬೇಕು. ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಅರ್ಜಿ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ತಗೋತಾರೆ. 2024ರ ಜೂನ್‌ನಿಂದ ವಯಸ್ಕರ ಶುಲ್ಕ 90 ಯೂರೋ, ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಚಿಕಿತ್ಸೆ ಖರ್ಚು ಭರಿಸುವ ವಿಮೆ ಕಡ್ಡಾಯ. ಪಾಲಿಸಿ ತಗೊಳ್ಳುವಾಗ ಸೈಕಲ್‌ನಿಂದ ಬಿದ್ದರೂ ಕೊಡ್ತಾರಾ ಅಂತ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ದಿನಕ್ಕೊಂದು ಊರಲ್ಲಿ ಉಳಿಯುವುದರಿಂದ ಯಾವ ರಾತ್ರಿ ಎಲ್ಲಿ ಅನ್ನುವ ಪಟ್ಟಿಯನ್ನು ಬುಕಿಂಗ್ ಪ್ರತಿಗಳ ಮೇಲೆ ಒಂದೇ ಹಾಳೆಯಲ್ಲಿ ಬರೆದಿಡಿ. ನೋಡುವವರಿಗೆ ಸುಲಭ.

ಬೆಂಗಳೂರಿಂದ ಪ್ಯಾರಿಸ್‌ಗೆ ನೇರ ವಿಮಾನ ಇದೆ. ಪ್ಯಾರಿಸ್‌ನ ಬೆರ್ಸಿ ಸ್ಟೇಷನ್‌ನಿಂದ ದಿಜೋಂ ಮೇಲೆ ಲಿಯೋಂಗೆ ಹೋಗುವ ಪ್ರಾದೇಶಿಕ ರೈಲು ಶಲೋಂನಲ್ಲಿ ನಿಲ್ಲುತ್ತದೆ, ನಾಲ್ಕು ಗಂಟೆ ಹತ್ತಿರ ಹಿಡಿಯುತ್ತದೆ. ಈ ಪ್ರಾದೇಶಿಕ ರೈಲಿಗೆ ‘ತೇರ್’ ಅಂತಾರೆ. ಲಿಯೋಂನಲ್ಲಿ ಇಳಿದವರಿಗೆ ಇನ್ನೂ ಹತ್ತಿರ. ಒಂದು ಎಚ್ಚರ: ಟಿಜಿವಿ ಅನ್ನುವ ವೇಗದ ರೈಲು ನಿಲ್ಲುವ ಮಾಕೋಂ-ಲೋಶೆ ಸ್ಟೇಷನ್ ಊರ ಹೊರಗಿದೆ. ಮಾಕೋಂ ಅಂತ ಹೆಸರು ನೋಡಿ ಟಿಕೆಟ್ ಮಾಡಿಬಿಡಬೇಡಿ.

ಹೊರಡುವ ಮುಂಚೆ ಅಭ್ಯಾಸ

ಮೂರು ತಿಂಗಳು ಸಾಕು. ಭಾನುವಾರ ಕಬ್ಬನ್ ಪಾರ್ಕ್ ಒಳಗೆ ಗಾಡಿ ಬಿಡುವುದಿಲ್ಲವಲ್ಲ, ಅಕ್ಕ ಮೊದಲು ಹತ್ತಿದ್ದು ಅಲ್ಲೇ. ಶಕ್ತಿಗಿಂತ ಕೂರುವ ಜಾಗಕ್ಕೆ ಅಭ್ಯಾಸ ಬೇಕು. ಒಂದು ದಿನ 30 ಕಿ.ಮೀ. ಯಾರಾದರೂ ತುಳಿತಾರೆ. ಮಾರನೇ ದಿನ ಬೆಳಿಗ್ಗೆ ಅದೇ ಸೀಟಿನ ಮೇಲೆ ಕೂತಾಗ ಗೊತ್ತಾಗುತ್ತದೆ. ಹಾಗಾಗಿ ಹೊರಡುವ ಮುಂಚೆ ಎರಡು ಸಲವಾದರೂ ಶನಿವಾರ ಮತ್ತು ಭಾನುವಾರ ಬೆನ್ನುಬೆನ್ನಿಗೆ ಓಡಿಸಿ. ಒಳಗೆ ಮೆತ್ತೆ ಇರುವ ಸೈಕ್ಲಿಂಗ್ ಚಡ್ಡಿ ಇಲ್ಲಿಂದಲೇ ತಗೊಂಡು ಹೋಗಿ, ಅದರ ಮೇಲೆ ಸಡಿಲ ಪ್ಯಾಂಟ್ ಹಾಕಿಕೊಂಡರೂ ಆಯಿತು.

ಸೈಕಲ್ ಬಾಡಿಗೆ: ಇಲ್ಲಿ ಸ್ವಲ್ಪ ನಿಧಾನ ಮಾಡಿ

ಶಲೋಂ, ಕ್ಲೂನಿ, ಮಾಕೋಂ ಕಡೆ ಬಾಡಿಗೆ ಅಂಗಡಿಗಳಿವೆ. ರಸ್ತೆ ಸೈಕಲ್ ಬೇಡ. ನೆಟ್ಟಗೆ ಕೂರುವಂಥ, ಹಿಂದೆ ಕ್ಯಾರಿಯರ್ ಇರುವ, ಸ್ವಲ್ಪ ದಪ್ಪ ಟೈರಿನ ಟೂರಿಂಗ್ ಸೈಕಲ್ ಕೇಳಿ. ಮಂಡಿ ನೋವಿರುವವರು ಬ್ಯಾಟರಿ ಸೈಕಲ್ ತಗೊಳ್ಳಲಿ. ಗಂಟೆಗೆ 25 ಕಿ.ಮೀ.ವರೆಗೆ ಮೋಟಾರು ಕೈಹಿಡಿಯುತ್ತದೆ, ಆಮೇಲೆ ನಿಮ್ಮ ಕಾಲೇ. ಆದರೆ ಒಂದು ಮಾತು, ಇದು ರೈಲು ಓಡುತ್ತಿದ್ದ ದಾರಿ. ರೈಲಿಗೆ ಕಡಿದಾದ ಏರು ಆಗುವುದಿಲ್ಲ, ಹಾಗಾಗಿ ಏರು ಇದ್ದರೂ ಕಾಲಿಗೆ ಗೊತ್ತಾಗುವುದು ಕಡಿಮೆ. ಅಕ್ಕ ಮೋಟಾರಿಲ್ಲದ ಸೈಕಲ್‌ನಲ್ಲೇ ಬಂದಳು.

ಅಂಗಡಿ ಬಿಡುವ ಮುಂಚೆ ಬ್ರೇಕ್ ನೋಡಿಕೊಳ್ಳಿ. ನಮ್ಮಲ್ಲಿ ಬಲಗೈ ಲಿವರ್ ಹಿಡಿದರೆ ಮುಂದಿನ ಚಕ್ರಕ್ಕೆ ಬ್ರೇಕ್ ಬೀಳುತ್ತದೆ. ಫ್ರಾನ್ಸ್‌ನಲ್ಲಿ ತಿರುಗುಮುರುಗು, ಎಡಗೈ ಲಿವರ್ ಮುಂದಿನದು. ಗಾಬರಿಯಲ್ಲಿ ಎಡಗೈ ಜೋರಾಗಿ ಹಿಸುಕಿದರೆ ಹ್ಯಾಂಡಲ್ ಮೇಲಿಂದ ಹಾರಿ ಬೀಳುವ ಅಪಾಯ ಇದೆ. ನಾನು ಅಕ್ಕನ ಸೈಕಲ್‌ನ ಬಲ ಲಿವರ್‌ಗೆ ಕೆಂಪು ಹೇರ್‌ಬ್ಯಾಂಡ್ ಸುತ್ತಿದೆ. “ಇದು ಹಿಂದಿನದು ಅಕ್ಕ, ಮೊದಲು ಕೆಂಪು ಹಿಡಿ” ಅಂದೆ. ಅಂಗಡಿ ಹಿಂದಿನ ಅಂಗಳದಲ್ಲಿ ಹತ್ತು ಸುತ್ತು ಹೊಡೆದಳು. ಮೂರನೇ ಸುತ್ತಿಗೇ ಕೈಗೆ ಬಂತು, ಆದರೂ “ಇನ್ನೊಂದು ಸುತ್ತು ತಡಿಯೇ” ಅಂತ ಹತ್ತೂ ಮುಗಿಸಿದಳು.

ಎರಡನೇದು ಟ್ಯೂಬಿನ ವಾಲ್ವ್. ಅಲ್ಲಿ ಬಹಳ ಸೈಕಲ್‌ಗಳಲ್ಲಿ ತೆಳ್ಳಗಿನ ಪ್ರೆಸ್ಟಾ ವಾಲ್ವ್ ಇರುತ್ತದೆ. ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ತಿರುಪು ಇದೆ. ಅದನ್ನು ಎಡಕ್ಕೆ ತಿರುಗಿಸಿ ಸಡಿಲ ಮಾಡಿ, ಒಂದು ಸಲ ಒತ್ತಿ, ‘ಪುಸ್’ ಅಂದ ಮೇಲೆ ಪಂಪ್ ಹಾಕಬೇಕು. ಸಡಿಲ ಮಾಡದೆ ಎಷ್ಟು ಹೊಡೆದರೂ ಗಾಳಿ ಒಳಗೆ ಹೋಗಲ್ಲ. ನನ್ನ ಸೈಕಲ್‌ಗೆ ಮೊದಲೇ ಸಣ್ಣ ತೂತಿದ್ದ ಟ್ಯೂಬು ಬಂದಿತ್ತು, ಮಾರನೇ ಬೆಳಿಗ್ಗೆ ಚಕ್ರ ನೆಲಕ್ಕೆ ಕೂತಿತ್ತು. ಹಾಗಾಗಿ ಅಂಗಡಿಯಲ್ಲೇ ಎಲ್ಲ ಕೇಳಿ ತಗೊಳ್ಳಿ: ಒಂದು ಹೆಚ್ಚಿನ ಟ್ಯೂಬು, ಟೈರ್ ಎಬ್ಬಿಸುವ ಪ್ಲಾಸ್ಟಿಕ್ ಲಿವರ್, ಪಂಪ್, ಬೀಗ, ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಬೆಲ್ಲು. ದೀಪ ಮತ್ತು ಬೆಲ್ಲು ಕಾನೂನು ಪ್ರಕಾರವೇ ಬೇಕು. 12 ವರ್ಷದ ಒಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ. ದೊಡ್ಡವರಿಗೆ ಕಡ್ಡಾಯ ಅಲ್ಲ, ಆದರೂ ಹಾಕಿಕೊಳ್ಳಿ.

ಸಾಮಾನು ಬೆನ್ನಿಗೆ ಹಾಕಬೇಡಿ. ಕ್ಯಾರಿಯರ್‌ನ ಎರಡೂ ಪಕ್ಕ ನೇತುಹಾಕುವ ಚೀಲ ಸಿಗುತ್ತದೆ, ತೂಕ ಎರಡೂ ಕಡೆ ಸಮ ಹಂಚಿ. ಒಬ್ಬರಿಗೆ ಏಳೆಂಟು ಕೆ.ಜಿ. ಮೀರದ ಹಾಗೆ ನೋಡಿಕೊಳ್ಳಿ: ಎರಡು ಜೊತೆ ಬಟ್ಟೆ, ಮಳೆ ಜಾಕೆಟ್, ತೆಳು ಸ್ವೆಟರ್. ದೊಡ್ಡ ಸೂಟ್‌ಕೇಸ್ ಮೊದಲ ರಾತ್ರಿ ಉಳಿದ ಮನೆಯಲ್ಲೇ ಬಿಡಲು ಕೇಳಿ, ಕೊನೇ ರಾತ್ರಿಯೂ ಅಲ್ಲೇ ಉಳಿಯುತ್ತೀರಿ ಅಂದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಉಳಿಯಲು ‘ಅಕ್ಕೇಯ್ ವೆಲೊ’ ಫಲಕ ಇರುವ ಜಾಗ ಹುಡುಕಿ. ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೇ ಇರುವ ಮನೆ, ಹೋಟೆಲ್, ಕ್ಯಾಂಪಿಂಗ್‌ಗಳಿಗೆ ಈ ಗುರುತು ಕೊಡುತ್ತಾರೆ. ಸೈಕಲ್ ಇಡಲು ಬೀಗವಿರುವ ಕೋಣೆ, ರಿಪೇರಿ ಸಾಮಾನು ಇರುತ್ತದೆ. ನಮಗೆ ಇಷ್ಟವಾದದ್ದು ‘ಶಾಂಬ್ರ್ ದೋತ್’, ಅಂದರೆ ಯಾರದೋ ಮನೆಯಲ್ಲಿ ಒಂದು ರೂಮು, ಬೆಳಿಗ್ಗೆ ತಿಂಡಿ ಸೇರಿ.

ದಿನ 1: ಶಲೋಂನಿಂದ ಸೇಂ-ಝಾಂಗು, ಸುಮಾರು 37 ಕಿ.ಮೀ.

ಫೋಟೋಗ್ರಫಿ ಕಂಡುಹಿಡಿದ ನಿಸೆಫೋರ್ ನಿಯೆಪ್ಸ್ 1765ರಲ್ಲಿ ಹುಟ್ಟಿದ್ದು ಶಲೋಂನಲ್ಲೇ, ಅವನ ಹೆಸರಿನ ಮ್ಯೂಸಿಯಂ ನದಿ ದಡದಲ್ಲಿದೆ. ಅದನ್ನು ಹಿಂದಿನ ದಿನವೇ ನೋಡಿಬಿಡಿ.

ಊರೊಳಗೆ ಶುರುವಿನ ಸ್ವಲ್ಪ ದೂರ ಮಾತ್ರ ಎಚ್ಚರ. ಫ್ರಾನ್ಸ್‌ನಲ್ಲಿ ಬಲಗಡೆ ಓಡಿಸಬೇಕು. ನೇರ ಹೋಗುವಾಗ ಮರೆಯಲ್ಲ. ಎಡಕ್ಕೆ ತಿರುಗಿದ ಮೇಲೆ ಮತ್ತು ಬೆಳಿಗ್ಗೆ ಖಾಲಿ ಬೀದಿಗೆ ಇಳಿದಾಗ ಕೈ ತಾನಾಗೇ ಎಡಕ್ಕೆ ಎಳೆಯುತ್ತದೆ. ನಾವು ಪ್ರತಿ ತಿರುವಿನಲ್ಲೂ “ಬಲ, ಬಲ” ಅಂತ ಬಾಯಿಬಿಟ್ಟು ಹೇಳಿಕೊಂಡೆವು.

ಜಿವ್ರಿ ದಾಟಿದ ಮೇಲೆ ದ್ರಾಕ್ಷಿ ತೋಟ ಶುರು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಕಡೆ ಚಪ್ಪರದ ಕೆಳಗೆ ನಿಂತು ತಲೆ ಮೇಲೆ ಗೊಂಚಲು ನೋಡಿದವರಿಗೆ ಇದು ಬೇರೆಯೇ ಲೋಕ. ಬಳ್ಳಿ ಸೊಂಟದೆತ್ತರ ದಾಟಲ್ಲ. ಸಾಲು ಸಾಲಾಗಿ ತಂತಿಗೆ ಕಟ್ಟಿ ನಿಲ್ಲಿಸಿರುತ್ತಾರೆ, ಗುಡ್ಡಕ್ಕೆ ಬಾಚಣಿಗೆ ಎಳೆದ ಹಾಗೆ. ಸಾಲಿನ ಮಧ್ಯೆ ಮಾಮೂಲಿ ಟ್ರಾಕ್ಟರ್ ಹಿಡಿಸಲ್ಲ. ಹಾಗಾಗಿ ಅಲ್ಲಿನ ಟ್ರಾಕ್ಟರ್‌ಗೆ ಉದ್ದ ಕಾಲು. ಚಕ್ರ ಸಾಲಿನ ಆಚೆ ಈಚೆ, ಎಂಜಿನ್ನು ಡ್ರೈವರ್ ಇಬ್ಬರೂ ಬಳ್ಳಿಯ ಮೇಲೆ. ಅದು ಒಂದು ಸಾಲನ್ನು ಹೊಟ್ಟೆ ಕೆಳಗೆ ಇಟ್ಟುಕೊಂಡು ಇಳಿದು ಬರುವುದನ್ನು ನೋಡುತ್ತಾ ನಾವು ಅರ್ಧ ಗಂಟೆ ನಿಂತೆವು.

ಜಿವ್ರಿಯಲ್ಲಿ ಹೆಚ್ಚಾಗಿ ಕೆಂಪು ವೈನಿನ ಪಿನೋ ನ್ವಾರ್ ದ್ರಾಕ್ಷಿ, ಮುಂದೆ ಬ್ಯುಸ್ಸಿ ಅನ್ನುವ ಊರಿನ ಸುತ್ತ ಮೊಂತಾಞಿ ಹೆಸರಿನ ಬಿಳಿ ವೈನಿಗೆ ಶಾರ್ದೊನೆ ದ್ರಾಕ್ಷಿ. ಬ್ಯುಸ್ಸಿಯಲ್ಲಿ ಬೆಳೆಗಾರರ ಸಹಕಾರ ಸಂಘದ ಮಳಿಗೆ ಇದೆ, ರುಚಿ ನೋಡಬಹುದು. ಆದರೆ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಆಲ್ಕೋಹಾಲ್ ಅನ್ನುವ ಮಿತಿ ಸೈಕಲ್ ತುಳಿಯುವವರಿಗೂ ಇದೆ. ಬಾಟಲಿ ತಗೊಂಡು ಟವೆಲಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಸಂಜೆ ತೆರೆಯಿರಿ. ದಾರಿ ಪಕ್ಕದ ಬಳ್ಳಿಯಿಂದ ಹಣ್ಣು ಕೀಳಬೇಡಿ. ಅದು ಒಬ್ಬರ ವರ್ಷದ ದುಡಿಮೆ, ಮೇಲಾಗಿ ಔಷಧಿ ಹೊಡೆದಿರುತ್ತಾರೆ.

ಹಳೇ ರೈಲು ಸ್ಟೇಷನ್‌ಗಳ ಹತ್ತಿರ ಬೆಂಚು, ಮರದ ಮೇಜು ಇರುತ್ತವೆ. ‘ಓ ಪೊತಾಬ್ಲ್’ ಅಂದರೆ ಕುಡಿಯುವ ನೀರು, ‘ನೋಂ ಪೊತಾಬ್ಲ್’ ಅಂತಿದ್ದರೆ ಬೇಡ. ಹಾದಿ ಹಳ್ಳಿ ರಸ್ತೆಯನ್ನು ದಾಟುವಲ್ಲಿ ಅಡ್ಡಗಂಬ ಇರುತ್ತದೆ. ಅಲ್ಲಿ ನಿಂತು, ಎರಡೂ ಕಡೆ ನೋಡಿಯೇ ದಾಟಬೇಕು. ದಾರಿಯಲ್ಲಿ ನಡೆಯುವವರು, ಸ್ಕೇಟಿಂಗ್ ಮಕ್ಕಳು, ಕುದುರೆ ಸವಾರರೂ ಬರುತ್ತಾರೆ. ದೂರದಿಂದಲೇ ಬೆಲ್ ಮಾಡಿ, ಎಡಗಡೆಯಿಂದ ದಾಟಿ, “ಬೋಂಜೂರ್” ಅನ್ನಿ. ಕಿವಿಗೆ ಇಯರ್‌ಫೋನ್ ಹಾಕುವುದು ಅಲ್ಲಿ ಅಪರಾಧ, 135 ಯೂರೋ ದಂಡ.

ದಿನ 2: ಕ್ಲೂನಿ, ಸುಮಾರು 24 ಕಿ.ಮೀ.

ಇವತ್ತು ತೋಟ ಕಡಿಮೆ, ಹುಲ್ಲುಗಾವಲು ಜಾಸ್ತಿ. ಗ್ರೋನ್ ಅನ್ನುವ ಸಣ್ಣ ನದಿಯ ಕಣಿವೆ ಇದು. ಬಿಳಿ ಶರೊಲೇ ದನಗಳು ಬೇಲಿಗೆ ಬಂದು ನಿಮ್ಮನ್ನೇ ನೋಡುತ್ತವೆ. ಕೊರ್ಮತೇಂನಲ್ಲಿ 17ನೇ ಶತಮಾನದ ಅರಮನೆಯೂ ತೋಟವೂ ಇದೆ, ಎರಡು ಗಂಟೆ ಇಟ್ಟುಕೊಳ್ಳಿ. ಆಮೇಲೆ ಗುಡ್ಡದ ಮೇಲೆ ತೇಝೆ. 1940ರಲ್ಲಿ ಅಲ್ಲಿ ಶುರುವಾದ ಕ್ರೈಸ್ತ ಸಮುದಾಯದ ಪ್ರಾರ್ಥನೆಗೆ ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ಬರುತ್ತಾರೆ.

ಕ್ಲೂನಿಯ ಮಠ ಕ್ರಿ.ಶ. 910ರಲ್ಲಿ ಶುರುವಾಯಿತು. ರೋಮಿನಲ್ಲಿ ಈಗಿನ ಸೇಂಟ್ ಪೀಟರ್ಸ್ ಕಟ್ಟುವವರೆಗೆ ಕ್ರೈಸ್ತ ಜಗತ್ತಿನ ಅತಿ ದೊಡ್ಡ ಚರ್ಚು ಇದೇ ಆಗಿತ್ತು. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಕಲ್ಲಿಗಾಗಿ ಒಡೆದರು. ಈಗ ಉಳಿದಿರುವುದು ಒಂದು ಚಿಕ್ಕ ಪಾಲು, ಆ ಪಾಲೇ ಕತ್ತೆತ್ತಿ ನೋಡುವಷ್ಟು ಎತ್ತರ. ಹಂಪಿಯಲ್ಲಿ ಅಡಿಪಾಯದ ಮೇಲೆ ಅರಮನೆ ಊಹಿಸಿಕೊಂಡು ನಿಂತಿದ್ದು ನೆನಪಾಯಿತು. ಸಾಧ್ಯವಾದರೆ ಶನಿವಾರ ಬೆಳಿಗ್ಗೆ ಇಲ್ಲಿರುವ ಹಾಗೆ ಲೆಕ್ಕ ಹಾಕಿ, ಸಂತೆ ಇರುತ್ತದೆ.

ದಿನ 3: ಸುರಂಗ ದಾಟಿ ಮಾಕೋಂ, ಸುಮಾರು 25 ಕಿ.ಮೀ.

ಬುವಾ ಕ್ಲೇರ್ ಸುರಂಗ 1.6 ಕಿ.ಮೀ. ಉದ್ದ. ಒಳಗೆ ದೀಪ ಇದೆ, ಆದರೂ ನಿಮ್ಮ ದೀಪ ಹಚ್ಚಿ. ಬಾಯಲ್ಲೇ ನಿಂತು ಸ್ವೆಟರ್ ಹಾಕಿಕೊಳ್ಳಿ. ಹೊರಗೆ ಬೆವರು ಸುರಿಯುತ್ತಿದ್ದರೂ ಒಳಗೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣಗಿರುತ್ತದೆ. ಕಪ್ಪು ಕನ್ನಡಕ ತೆಗೆದಿಡಿ. ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ಟೈರಿನ ಸದ್ದೇ ದೊಡ್ಡದಾಗಿ ಕೇಳುತ್ತದೆ. ಅಕ್ಕ ನನ್ನ ಮುಂದೆ ಇದ್ದಳು. ಅರ್ಧದಲ್ಲಿ ಹಿಂದಿನಿಂದ ಒಂದು ಸದ್ದು ಬಂದಾಗ ಅವಳ ಹೆಗಲು ಸೆಟೆದಿದ್ದು ನನಗೆ ಕಾಣಿಸಿತು. ಮೂವತ್ತೈದು ವರ್ಷದ ಹಿಂದಿನ ಲಾರಿ ಇನ್ನೂ ಅಲ್ಲೇ ಇತ್ತು. “ಸೈಕಲ್ ಕಣೇ ಅಕ್ಕ, ಅಪ್ಪ ಮಗು” ಅಂತ ಕೂಗಿದೆ. ಮಗುವಿನ ಪುಟ್ಟ ಗಾಡಿ ಎಳೆದುಕೊಂಡು ಒಬ್ಬ ಅಪ್ಪ “ಬೋಂಜೂರ್” ಅಂತ ದಾಟಿ ಹೋದ. ಹೆಗಲು ಇಳಿಯಿತು.

ಆಚೆ ಬಂದರೆ ಇಳಿಜಾರು, ಮತ್ತೆ ದ್ರಾಕ್ಷಿ, ಬೆರ್ಝೆ-ಲ-ಶಾತೆಲ್ ಕೋಟೆ. ಮುಂದೆ ದೂರದಲ್ಲಿ ಸೊಲ್ಯುತ್ರೆ ಬಂಡೆ, 493 ಮೀಟರ್. ಆದಿಮಾನವರ ಕಾಲದ ಕುದುರೆ ಮೂಳೆಗಳ ರಾಶಿ ಸಿಕ್ಕ ಜಾಗ. ಕಾಲಲ್ಲಿ ಕಸುವಿದ್ದವರು ಹೋಗಿ ಬರಬಹುದು, ನಾವು ಹೋಗಲಿಲ್ಲ. ಹಸಿರು ದಾರಿ ಶಾರ್ನೆ ಹತ್ತಿರ ಮುಗಿಯುತ್ತದೆ. ಅಲ್ಲಿಂದ ಮಾಕೋಂನ ನದಿ ದಡಕ್ಕೆ ಕೆಲವು ಕಿ.ಮೀ. ಊರ ಬೀದಿ, ಕಾರುಗಳಿವೆ. ಇಡೀ ಪ್ರವಾಸದಲ್ಲಿ ಭಯಪಡುವ ತುಂಡು ಅಂತಿದ್ದರೆ ಇದೊಂದೇ. ಸೈಕಲ್ ಫಲಕ ನೋಡಿಕೊಂಡು ಹೋಗಿ. ಮುಜುಗರ ಬೇಡ, ಬೇಕಾದಲ್ಲಿ ಇಳಿದು ಫುಟ್‌ಪಾತ್ ಮೇಲೆ ತಳ್ಳಿ.

ಊಟ

ಇದನ್ನು ಮಧ್ಯದಲ್ಲೇ ಹೇಳುತ್ತೇನೆ, ಯಾಕೆಂದರೆ ನಮ್ಮ ಪ್ರವಾಸದಲ್ಲಿ ತಪ್ಪಾಗಿದ್ದು ಇಲ್ಲೇ. ಹಳ್ಳಿಯ ಹೋಟೆಲ್‌ನಲ್ಲಿ ಮಧ್ಯಾಹ್ನದ ಊಟ 12ಕ್ಕೆ ಶುರು, ಒಂದೂವರೆ ಹೊತ್ತಿಗೆ ಅಡುಗೆಮನೆ ಬಂದ್. ರಾತ್ರಿ ಏಳಕ್ಕೆ ಮುಂಚೆ ಏನೂ ಇಲ್ಲ. ಅಂಗಡಿಗಳೂ ಮಧ್ಯಾಹ್ನ ಮುಚ್ಚುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಮತ್ತು ಸೋಮವಾರ ಬಹಳ ಕಡೆ ಬೀಗ. ನಾವು ಸೋಮವಾರ ಎರಡು ಗಂಟೆಗೆ ಸೇಂ-ಝಾಂಗು ಮುಟ್ಟಿದೆವು. ಬೀದಿಯಲ್ಲಿ ಒಂದು ನಾಯಿ ಬಿಟ್ಟರೆ ಯಾರೂ ಇಲ್ಲ. ಅಕ್ಕ ತಂದಿದ್ದ ಅವಲಕ್ಕಿಗೆ ನೀರು ಚಿಮುಕಿಸಿ, ಚಟ್ನಿಪುಡಿ ಕಲಸಿ, ಚರ್ಚಿನ ಮೆಟ್ಟಿಲ ಮೇಲೆ ತಿಂದೆವು. ಅದಾದ ಮೇಲೆ ದಿನಾ ಬೆಳಿಗ್ಗೆಯೇ ಬ್ರೆಡ್ಡು, ಟೊಮೆಟೊ, ಬಾಳೆಹಣ್ಣು ಚೀಲದಲ್ಲಿ.

ಸಸ್ಯಾಹಾರಿಗಳು “ಸಾಂ ವಿಯಾಂದ್, ಸಾಂ ಪ್ವಾಸೋಂ, ಸಾಂ ಲಾರ್ದೋಂ” ಅಂತ ಹೇಳಿ. ಮಾಂಸ, ಮೀನು, ಹಂದಿ ಚೂರು ಬೇಡ ಅಂತ. ಮೂರನೇದು ಮರೆತರೆ ಸಲಾಡ್ ಮೇಲೂ ಉದುರಿಸಿಕೊಂಡು ಬರುತ್ತಾರೆ. ಚೀಸ್ ಹಾಕಿ ಬೇಯಿಸಿದ ಗುಂಡಗಿನ ಗೂಜೇರ್ ಬರ್ಗಂಡಿಯದೇ ತಿಂಡಿ, ಮೊಟ್ಟೆ ಇರುತ್ತದೆ. ಕಟ್ಟುನಿಟ್ಟಿನವರಿಗೆ ಒಂದು ಮಾತು: ಅಲ್ಲಿನ ಸಾಂಪ್ರದಾಯಿಕ ಚೀಸ್‌ಗಳಿಗೆ ಹೆಚ್ಚಾಗಿ ಪ್ರಾಣಿಯ ಹೊಟ್ಟೆಯಿಂದ ತೆಗೆದ ಹೆಪ್ಪು ಹಾಕುತ್ತಾರೆ. ಇಲ್ಲಿಂದ ಚಟ್ನಿಪುಡಿ, ಅವಲಕ್ಕಿ ಒಯ್ಯಬಹುದು. ತುಪ್ಪ, ಪೇಡ ಬೇಡ, ಹೊರಗಿನಿಂದ ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ.

ದಿನ 4 ಮತ್ತು 5: ನದಿ ಪಕ್ಕ ತೂರ್ನ್ಯು, ಆಮೇಲೆ ಶಲೋಂ

ದಿನಕ್ಕೆ 30ರಿಂದ 35 ಕಿ.ಮೀ., ಪೂರ್ತಿ ಸಮತಟ್ಟು. ಹೆಚ್ಚಿನ ಕಡೆ ನುಣುಪು ಹಾದಿ, ಅಲ್ಲಲ್ಲಿ ಸಣ್ಣ ಜಲ್ಲಿ. ಏರಿಲ್ಲ, ಆದರೆ ಗಾಳಿ ಇದೆ. ಉತ್ತರದಿಂದ ಬೀಸುವ ಗಾಳಿಗೆ ಅಲ್ಲಿ ‘ಬೀಸ್’ ಅನ್ನುತ್ತಾರೆ, ನೀವು ಉತ್ತರಕ್ಕೇ ಹೋಗುತ್ತಿರುತ್ತೀರಿ. ಹೊರಡುವ ಹಿಂದಿನ ದಿನ ವಾರದ ಹವಾಮಾನ ನೋಡಿ. ಬೀಸ್ ಜೋರಾಗಿದ್ದರೆ ಸುತ್ತನ್ನೇ ತಿರುಗಿಸಿ, ಮೊದಲು ನದಿ, ಆಮೇಲೆ ತೋಟ. ಬೆಳಿಗ್ಗೆ ಬೇಗ ಹೊರಟು ಹನ್ನೊಂದರೊಳಗೆ ಅರ್ಧ ಮುಗಿಸಿದರೆ ಬಿಸಿಲೂ ಕಾಡಲ್ಲ.

ಈ ನದಿ ಎಷ್ಟು ನಿಧಾನ ಅಂದರೆ, ಯಾವ ಕಡೆ ಹರಿಯುತ್ತಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ ಅಂತ ಎರಡು ಸಾವಿರ ವರ್ಷದ ಹಿಂದೆ ಜೂಲಿಯಸ್ ಸೀಸರ್ ಬರೆದಿಟ್ಟಿದ್ದಾನೆ. ನಾವೂ ಒಂದು ಎಲೆ ಹಾಕಿ ಕಾದೆವು. ಗಾಳಿಗೆ ಅದು ಮೇಲಕ್ಕೇ ಹೋಯಿತು.

ತೂರ್ನ್ಯುನಲ್ಲಿ ಸೇಂ-ಫಿಲಿಬೆರ್ ಮಠದ ಚರ್ಚಿನೊಳಗೆ ಮಧ್ಯಾಹ್ನದ ಬಿಸಿಲಿಗೆ ಕೂತುಬಿಡಿ. ದಪ್ಪ ದುಂಡು ಕಂಬಗಳು, ನಸುಗೆಂಪು ಕಲ್ಲು. ಸುಸ್ತಾದವರು ಇಲ್ಲಿಂದ ತೇರ್ ರೈಲಿಗೆ ಸೈಕಲ್ ಹಾಕಿಕೊಂಡು ಶಲೋಂಗೆ ಹೋಗಬಹುದು, ಸೈಕಲ್‌ಗೆ ಟಿಕೆಟ್ ಇಲ್ಲ. ಬಾಗಿಲ ಮೇಲೆ ಸೈಕಲ್ ಚಿತ್ರವಿರುವ ಬೋಗಿ ಹುಡುಕಿ, ಚೀಲ ಮೊದಲೇ ಬಿಚ್ಚಿ ಕೈಯಲ್ಲಿ ಹಿಡಿದಿರಿ.

ಕೊನೇ ದಿನ ಅಕ್ಕ ಇಡೀ ದಾರಿ ನನಗಿಂತ ಮುಂದೆ ಇದ್ದಳು, ಹಾಡಿಕೊಂಡು. ಸೈಕಲ್ ವಾಪಸ್ ಕೊಡುವ ಮುನ್ನ ಒದ್ದೆ ಬಟ್ಟೆಯಲ್ಲಿ ಮಣ್ಣು ಒರೆಸಿ, ಹೊರಟ ದಿನ ತೆಗೆದ ಫೋಟೋ ಜೊತೆ ಗೀರು ಹೋಲಿಸಿ ತೋರಿಸಿ, ಡಿಪಾಸಿಟ್ ವಾಪಸ್ ಬಂದದ್ದಕ್ಕೆ ರಸೀದಿ ತಗೊಳ್ಳಿ. ನಮ್ಮದೆಲ್ಲ ಮುಗಿದ ಮೇಲೆ ಅಕ್ಕ ಬಲ ಲಿವರ್‌ನಿಂದ ಆ ಕೆಂಪು ಹೇರ್‌ಬ್ಯಾಂಡ್ ಬಿಚ್ಚಿ ತನ್ನ ಕೂದಲಿಗೇ ಹಾಕಿಕೊಂಡಳು. ರೈಲಿಗೆ ಇನ್ನೂ ನಲವತ್ತು ನಿಮಿಷ ಇತ್ತು.